ಓದುಗರ ಪ್ರಶ್ನೆ: ರುದ್ರೇಶ್ ಮಹಾಂತಪ್ಪನವರಿಗೆ ಮೆಚ್ಚುಗೆ ಸಿಕ್ಕಿದ್ದು ರಾಗದಿಂದಲೇ?

“ಅಮೆರಿಕದ ವಿಮರ್ಶಕರು ರುದ್ರೇಶ್ ಮಹಾಂತಪ್ಪನವರನ್ನು ಇಷ್ಟೊಂದು ಹೊಗಳುವುದು ಅವರು ನಮ್ಮ ರಾಗಗಳನ್ನು ಜಾಜ್‌ಗೆ ಬೆರೆಸಿದ್ದಕ್ಕೇ ಅಲ್ಲವೇ?” ಬೆಳಗಾವಿಯ ಓದುಗರೊಬ್ಬರು ಕೇಳಿರುವ ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಅದೇ ಉತ್ತರ ಈಗಲೂ ಸಲ್ಲುತ್ತದೆ: ಅಲ್ಲ.

ಹೆಸರು ಕೇಳಿದರೆ ಬೈಲಹೊಂಗಲದ ಕಡೆಯವರೆನಿಸುವ ಈ ಆಲ್ಟೋ ಸ್ಯಾಕ್ಸೋಫೋನ್ ವಾದಕ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಕೊಲರಾಡೋದ ಬೋಲ್ಡರ್‌ನಲ್ಲಿ. ಕಲಿತದ್ದು ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ, ಜಾಜ್ ಸಂಗೀತವನ್ನು. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರೊಂದಿಗೆ ಸೇರಿ ಮಾಡಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂದು ದೊಡ್ಡ ಹೆಸರು ತಂದುಕೊಟ್ಟಿತೆಂಬುದು ನಿಜ. ಆ ಒಂದು ಧ್ವನಿಮುದ್ರಿಕೆಯನ್ನು ಹಿಡಿದುಕೊಂಡು ಅವರನ್ನು ಕದ್ರಿಯವರ ಶಿಷ್ಯರನ್ನಾಗಿಯೂ, ಅವರ ಇಡೀ ಸಂಗೀತವನ್ನು ರಾಗದ ಕಲಬೆರಕೆಯನ್ನಾಗಿಯೂ ಮಾಡಿಬಿಡುವವರಿಗೆ ನನ್ನದೊಂದು ವಿನಂತಿ: ಉಳಿದವನ್ನೂ ಕೇಳಿರಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಬಂದ ‘ಮದರ್ ಟಂಗ್’ನಲ್ಲಿ ಅವರು ಕನ್ನಡ, ತಮಿಳು, ಕೊಂಕಣಿ ಮೊದಲಾದ ಭಾಷೆಗಳನ್ನಾಡುವ ಜನರ ಮಾತಿನ ಏರಿಳಿತಗಳನ್ನು ಸ್ವರಕ್ಕಿಳಿಸಿ, ಅವುಗಳಿಂದಲೇ ರಚನೆಗಳನ್ನು ಕಟ್ಟಿದರು, ‘ಕನ್ನಡ’ ಎಂಬ ಹೆಸರಿನದೇ ಒಂದು ರಚನೆ ಅದರಲ್ಲಿದೆ, ಅಲ್ಲಿ ರಾಗವನ್ನು ಹುಡುಕಿ ಪ್ರಯೋಜನವಿಲ್ಲ. 2006ರ ‘ಕೋಡ್‌ಬುಕ್’ಗೆ ಬೀಜವಾದದ್ದು ಗೂಢಲಿಪಿಶಾಸ್ತ್ರ ಮತ್ತು ಸಂಖ್ಯಾಸಿದ್ಧಾಂತ. ಇನ್ನು 2015ರಲ್ಲಿ ‘ಡೌನ್‌ಬೀಟ್’ ಪತ್ರಿಕೆಯ ಅಂತರರಾಷ್ಟ್ರೀಯ ವಿಮರ್ಶಕರ ಮತದಾನದಲ್ಲಿ ವರ್ಷದ ಜಾಜ್ ಆಲ್ಬಂ ಎನಿಸಿಕೊಂಡ ‘ಬರ್ಡ್ ಕಾಲ್ಸ್’ ಯಾರಿಗೆ ಸಲ್ಲಿಸಿದ ಗೌರವ? ಅಪ್ಪಟ ಜಾಜ್‌ನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ. ಪಾರ್ಕರ್ ನುಡಿಸಿದ ‘ಡೋನಾ ಲೀ’ಯ ಎಳೆಯೊಂದನ್ನು ಹಿಡಿದು ‘ಆನ್ ದಿ ಡಿಎಲ್’ ಎಂಬ ಬೇರೆಯೇ ರಚನೆಯನ್ನು ಹೆಣೆದಿರುವ ಕ್ರಮವನ್ನು ಗಮನವಿಟ್ಟು ಕೇಳಿದರೆ, ವಿಮರ್ಶಕರು ಮೆಚ್ಚಿದ್ದೇನೆಂಬುದು ತಾನಾಗಿಯೇ ತಿಳಿಯುತ್ತದೆ: ಹರಿತವಾದ ನಾದ, ಉಸಿರಿಗೆ ಬಿಡುವಿಲ್ಲದ ವೇಗದ ಪಂಕ್ತಿಗಳು, ಆ ವೇಗದಲ್ಲಿಯೂ ಸಡಿಲವಾಗದ ರಚನೆಯ ಬಿಗಿ. ಇಷ್ಟು ಹೇಳಿದ ಮೇಲೂ “ಆದರೂ ರಾಗ ಇದ್ದೇ ಇರಬೇಕು” ಎಂದು ಬರೆಯುವವರು ಇದ್ದಾರೆ. ಅವರೊಂದಿಗೆ ವಾದಿಸುವ ಉತ್ಸಾಹ ನನಗೆ ಉಳಿದಿಲ್ಲ.

ಯಾರೂ ನೇರವಾಗಿ ಕೇಳದಿದ್ದರೂ ಇಲ್ಲಿ ಇನ್ನೊಂದು ಪ್ರಶ್ನೆ ಇದೆ: ಸ್ಯಾಕ್ಸೋಫೋನಿನಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಾದ, ತೆಗೆಯುವುದು ಹೇಗೆ? ನಮ್ಮ ಸನಾದಿಯ ರಂಧ್ರಗಳ ಮೇಲೆ ಬೆರಳೇ ಕೂತಿರುವುದರಿಂದ, ಅದನ್ನು ಅರ್ಧ ಸರಿಸಿದರೂ ಸ್ವರ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳು ಒತ್ತುವುದು ಕೀಲಿಯನ್ನು, ರಂಧ್ರವನ್ನು ಮುಚ್ಚುವುದು ಅದರ ಮೆತ್ತೆ; ಆದ್ದರಿಂದ ಸ್ವರವನ್ನು ಬಾಗಿಸುವ ಹೆಚ್ಚಿನ ಕೆಲಸ ತುಟಿ, ದವಡೆ, ಗಂಟಲುಗಳ ಪಾಲಿಗೆ ಬೀಳುತ್ತದೆ. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಚಿತ್ರಗೀತೆಯ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವುದನ್ನು ಕೇಳಿ ವಾದ್ಯದ ಮಿತಿಯೇ ಅಷ್ಟೆಂದು ತೀರ್ಮಾನಿಸಿದವರು ಕದ್ರಿಯವರ ಆಲಾಪನೆಯನ್ನು ಕೇಳಬೇಕು. ಮಹಾಂತಪ್ಪನವರ 2013ರ ‘ಗಮಕ್’ ಅನ್ನೂ ಕೇಳಬಹುದು. ಅದರಲ್ಲಿ ಡೇವಿಡ್ ಫ್ಯೂಜಿನ್ಸ್ಕಿಯವರ ಗಿಟಾರ್ ಕೂಡ ಸ್ವರಗಳ ನಡುವೆ ಜಾರುತ್ತದೆ.