ಸ್ಪ್ರಿಂಗ್ ಇಲ್ಲದ ಬೀಗದ ಹನ್ನೊಂದು ಬಿಲ್ಲೆಗಳು

ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಾಗ ಒಂದು ಹಳೆಯ ಬಾಗಿಲುಬೀಗದ ಸಿಲಿಂಡರನ್ನು ಕಾಲುಚೀಲದಲ್ಲಿ ಸುತ್ತಿ ತಂದಿದ್ದ. ಅವನು ಬಾಡಿಗೆಗಿದ್ದ ಮನೆಯ ಬೀಗ ಕೆಲವು ತಿಂಗಳಿಂದ ಸತಾಯಿಸುತ್ತಿತ್ತಂತೆ. ಕೀಲಿಕೈಯನ್ನು ನಾಲ್ಕಾರು ಸಲ ಆಡಿಸಿದ ಮೇಲೆ ಮಾತ್ರ ತಿರುಗುತ್ತಿದ್ದುದರಿಂದ ಮನೆಯವರು ಅದನ್ನು ತೆಗೆಸಿ ಹೊಸದನ್ನು ಹಾಕಿಸಿದ್ದರು. ಹಳೆಯದನ್ನು ಅವರ ಒಪ್ಪಿಗೆ ಪಡೆದೇ ತಂದಿದ್ದ. “ಬೀಗ ಹಾಳಾಗಿದೆ ಮಾವ, ಬಿಚ್ಚಿ ನೋಡಿ” ಎಂದು ಕೊಟ್ಟ. ಪೀಣ್ಯದ ಟೂಲ್ ರೂಮುಗಳಲ್ಲಿ ಡೈ ಮತ್ತು ಗೇಜುಗಳ ನಡುವೆ ಮೂವತ್ತು ವರ್ಷ ಕಳೆದು, ಈಗ ಬೀಗಗಳನ್ನು ಬಿಚ್ಚುವುದನ್ನೇ ಹವ್ಯಾಸ ಮಾಡಿಕೊಂಡಿರುವ ನನಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಇರಲಿಲ್ಲ. ಅದು ಆಬ್ಲಾಯ್ ಕ್ಲಾಸಿಕ್ ಎಂಬ ಮಾದರಿಯ ಬೀಗ. ಫಿನ್ಲೆಂಡಿನಲ್ಲಿ ಮನೆಮನೆಯ ಬಾಗಿಲಲ್ಲಿ ಕಾಣುವ ಈ ಸಾಮಾನ್ಯ ವಸ್ತು ನಮ್ಮಲ್ಲಿ ಅಪರೂಪ.

ಮುಂದೆ ಹೋಗುವ ಮೊದಲು ಒಂದು ಮಾತು. ಉತ್ತರ ಕರ್ನಾಟಕದ ಕಡೆ ಬೀಗಕ್ಕೇ ಕೀಲಿ ಎನ್ನುತ್ತಾರೆ, ಮೈಸೂರು ಸೀಮೆಯಲ್ಲಿ ಕೀಲಿಕೈಗೆ ಬೀಗದ ಕೈ ಎನ್ನುತ್ತಾರೆ. ಗೊಂದಲವಾಗದಿರಲೆಂದು ಇಲ್ಲಿ ಬೀಗ, ಕೀಲಿಕೈ ಎಂಬ ಎರಡು ಪದಗಳನ್ನು ಬಳಸಿದ್ದೇನೆ.

ನಮಗೆ ಪರಿಚಿತವಾದ ಬೀಗಗಳಲ್ಲಿ ಹೆಚ್ಚಿನವು ಎರಡು ಜಾತಿಯವು. ಒಂದು, 1897ರಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೇಜ್ ಬೀಗ ತಯಾರಿಕೆಗೆ ಕೈಹಾಕಿದಂದಿನಿಂದ ನಮ್ಮ ಬೀರು, ಪೆಟ್ಟಿಗೆ, ಬಾಗಿಲುಗಳಲ್ಲಿ ನೆಲೆಯೂರಿದ ಲಿವರ್ ಬೀಗ. ಅಲಿಗಢ ಮತ್ತು ದಿಂಡಿಗಲ್‌ನ ಹೆಸರಾಂತ ಬೀಗಗಳಲ್ಲೂ ಬಹುಪಾಲು ಇದೇ ವಂಶದವು. ಇನ್ನೊಂದು, 1860ರ ದಶಕದಲ್ಲಿ ಅಮೆರಿಕದ ಕಿರಿಯ ಲೈನಸ್ ಯೇಲ್ ರೂಪ ಕೊಟ್ಟ ಪಿನ್ ಬೀಗ. ಹಲ್ಲುಹಲ್ಲಾದ ಚಪ್ಪಟೆ ಕೀಲಿಕೈಯಿಂದ ಅದನ್ನು ಗುರುತಿಸಬಹುದು. ಲಿವರ್ ಆಗಲಿ ಪಿನ್ ಆಗಲಿ, ಒಳಗಿನ ಪ್ರತಿ ತುಂಡನ್ನೂ ಒಂದು ಸಣ್ಣ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಕೀಲಿಕೈ ಪಿನ್ ಬೀಗದಲ್ಲಿ ಒಳಹೋಗುವಾಗ, ಲಿವರ್ ಬೀಗದಲ್ಲಿ ತಿರುಗುವಾಗ, ಸ್ಪ್ರಿಂಗನ್ನು ಎದುರಿಸಿ ತುಂಡುಗಳನ್ನು ಸರಿಯಾದ ಎತ್ತರಕ್ಕೆ ತಳ್ಳುತ್ತದೆ, ಅದು ಸರಿದ ಮೇಲೆ ಸ್ಪ್ರಿಂಗ್ ಅವುಗಳನ್ನು ಮತ್ತೆ ಕೆಳಗಿಳಿಸುತ್ತದೆ. ಈ ಬೀಗಗಳ ಅನುಕೂಲವೂ ದೌರ್ಬಲ್ಯವೂ ಆ ಸ್ಪ್ರಿಂಗಿನಲ್ಲೇ ಇದೆ.

ಆಬ್ಲಾಯ್ ಬೀಗದಲ್ಲಿ ಇಂತಹ ಸ್ಪ್ರಿಂಗ್ ಒಂದೂ ಇಲ್ಲ. ಇದನ್ನು 1907ರಲ್ಲಿ ಕಲ್ಪಿಸಿದವನು ಹೆಲ್ಸಿಂಕಿಯ ಎಮಿಲ್ ಹೆನ್ರಿಕ್ಸನ್ ಎಂಬ ಸೂಕ್ಷ್ಮಯಂತ್ರಗಳ ಮೆಕ್ಯಾನಿಕ್. ಅಂಗಡಿಗಳ ಹಣದ ಯಂತ್ರಗಳಲ್ಲಿ ಅಕ್ಕಪಕ್ಕ ತಿರುಗುವ ಬಿಲ್ಲೆಗಳನ್ನು ಕಂಡೇ ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಅದು ನಿಜವಿರಬಹುದೆಂದು ಬೀಗ ಬಿಚ್ಚಿದವರಿಗೆ ಅನಿಸದೆ ಇರದು, ಏಕೆಂದರೆ ಒಳಗೆ ಕಾಣುವುದು ಬೀಗಕ್ಕಿಂತ ಹೆಚ್ಚಾಗಿ ಲೆಕ್ಕದ ಯಂತ್ರವನ್ನೇ ಹೋಲುತ್ತದೆ.

ಅದರ ರಚನೆ ಹೀಗಿದೆ. ಹೊರಗೆ ಅಲುಗದ ಒಂದು ಕವಚ. ಅದರೊಳಗೆ ತಿರುಗಬಲ್ಲ ಒಂದು ಕೊಳವೆ. ಕೊಳವೆಯೊಳಗೆ ನಾಣ್ಯಗಳನ್ನು ಪೇರಿಸಿದಂತೆ ಹನ್ನೊಂದು ಹಿತ್ತಾಳೆ ಬಿಲ್ಲೆಗಳು, ಎರಡು ಬಿಲ್ಲೆಗಳ ನಡುವೆ ಒಂದೊಂದು ತೆಳುವಾದ ವಾಷರ್. ಪ್ರತಿ ಬಿಲ್ಲೆಯ ಮಧ್ಯದಲ್ಲಿ ಕೀಲಿಕೈ ಹೋಗುವ ತೂತು, ಅಂಚಿನಲ್ಲಿ ಒಂದು ಕಚ್ಚು. ಕೊಳವೆಯ ಪಕ್ಕದ ಸೀಳಿನಲ್ಲಿ ಒಂದು ಉಕ್ಕಿನ ಸರಳು ಮಲಗಿರುತ್ತದೆ. ಅದರ ಅರ್ಧ ಕೊಳವೆಯ ಸೀಳಿನಲ್ಲಿ, ಇನ್ನರ್ಧ ಕವಚದ ತೋಡಿನಲ್ಲಿ ಇರುವುದರಿಂದ ಕೊಳವೆ ತಿರುಗಲಾರದು; ಬಾಗಿಲಿಗೆ ಅಗುಳಿ ಹಾಕಿದಂತೆಯೇ. ಹನ್ನೊಂದು ಬಿಲ್ಲೆಗಳ ಕಚ್ಚುಗಳೂ ಒಂದೇ ಸಾಲಿನಲ್ಲಿ ಸರಳಿನ ಕೆಳಗೆ ಬಂದು ನಿಂತಾಗ ಮಾತ್ರ ಸರಳು ಆ ಸಾಲಿನೊಳಕ್ಕೆ ಇಳಿದು ಕವಚವನ್ನು ಬಿಟ್ಟುಕೊಡುತ್ತದೆ, ಆಗ ಕೊಳವೆ ತಿರುಗುತ್ತದೆ. ಹತ್ತು ಕಚ್ಚುಗಳು ಸರಿಯಾಗಿ ಬಂದು ಒಂದು ಮಾತ್ರ ತಪ್ಪಿದರೂ ಸರಳಿಗೆ ಇಳಿಯಲು ಜಾಗವಿರುವುದಿಲ್ಲ.

ಕೀಲಿಕೈ ಅಡ್ಡಕೊಯ್ತದಲ್ಲಿ ಅರ್ಧಚಂದ್ರಾಕಾರದ್ದು. ಅದರ ಉದ್ದಕ್ಕೂ ಒಂದೊಂದು ಬಿಲ್ಲೆಗೆ ಸರಿಯಾಗಿ ಒಂದೊಂದು ಕೋನದ ಕಡಿತಗಳಿವೆ: 0, 18, 36, 54, 72, 90 ಡಿಗ್ರಿ, ಒಟ್ಟು ಆರು ಬಗೆ. ಕೀಲಿಕೈಯನ್ನು 90 ಡಿಗ್ರಿ ತಿರುಗಿಸುವಾಗ, ಕಡಿತವಿಲ್ಲದ ಭಾಗ ತನ್ನ ಬಿಲ್ಲೆಯನ್ನು ಮೊದಲ ಕ್ಷಣದಿಂದಲೇ ಎಳೆದುಕೊಂಡು ಹೊರಡುತ್ತದೆ. 36 ಡಿಗ್ರಿ ಕಡಿತವಿರುವ ಭಾಗ ಅಷ್ಟು ದೂರ ಬರಿದೇ ತಿರುಗಿ, ಆಮೇಲೆ ಬಿಲ್ಲೆಗೆ ತಾಗಿ, ಅದನ್ನು ಉಳಿದ 54 ಡಿಗ್ರಿ ಮಾತ್ರ ತಿರುಗಿಸುತ್ತದೆ. ಬೇರೆಬೇರೆ ಹೊತ್ತಿಗೆ ಎದ್ದು ಹೊರಟವರು ಒಂದೇ ಹೊತ್ತಿಗೆ ಗುಡಿಯ ಬಾಗಿಲು ಮುಟ್ಟಿದಂತೆ, ಎಲ್ಲ ಕಚ್ಚುಗಳೂ ಏಕಕಾಲಕ್ಕೆ ಸರಳಿನ ಕೆಳಗೆ ಬಂದು ನಿಲ್ಲುತ್ತವೆ. ಹಿಂದಕ್ಕೆ ತಿರುಗಿಸುವಾಗ ಕೀಲಿಕೈಯ ಕಡಿತವಿಲ್ಲದ ಇನ್ನೊಂದು ಅಂಚು ಬಿಲ್ಲೆಗಳನ್ನೆಲ್ಲ ಮೊದಲಿನ ಸ್ಥಾನಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಇಲ್ಲಿ ಕೈಯೇ ಮಾಡುತ್ತದೆ.

ಇದನ್ನೆಲ್ಲ ಹೀಗೆ ಬಹಿರಂಗವಾಗಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಹಳೆಯ ಪ್ರಶ್ನೆ ಇದು. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಅರುವತ್ತು ವರ್ಷಗಳಿಂದ ಯಾರೂ ತೆರೆಯಲಾಗದಿದ್ದ ಬ್ರಾಮಾ ಬೀಗವನ್ನು ಹದಿನಾರು ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ಕೆಲಸದಲ್ಲಿ ತೆರೆದು ತೋರಿಸಿದಾಗಲೂ ಇದೇ ಗದ್ದಲವೆದ್ದಿತ್ತು. ಕಳ್ಳರು ತಮ್ಮ ಕಸುಬಿನಲ್ಲಿ ಚುರುಕಾಗಿಯೇ ಇರುತ್ತಾರೆ, ನಾವು ಕಲಿಸಬಹುದಾದದ್ದಕ್ಕಿಂತ ಹೆಚ್ಚನ್ನು ಅವರು ಆಗಲೇ ಬಲ್ಲರು ಎಂಬುದು ಹಾಬ್ಸನ ಪಕ್ಷದ ಉತ್ತರವಾಗಿತ್ತು, ನನ್ನದೂ ಅದೇ. ಆಬ್ಲಾಯ್ ಬೀಗದ ವಿಷಯದಲ್ಲಂತೂ ರಚನೆಯನ್ನು ಬಚ್ಚಿಡುವುದರಿಂದ ಏನೂ ಸಿಗದು. ಗುಟ್ಟು ಇರುವುದು ಆ ಒಂದು ಕೀಲಿಕೈಯ ಕೋನಗಳಲ್ಲಿ. ಹವ್ಯಾಸಿಗಳಲ್ಲಿ ಎರಡು ಕಟ್ಟಳೆಗಳಿವೆ: ತನ್ನದಲ್ಲದ ಬೀಗವನ್ನು ಮುಟ್ಟಬಾರದು, ಬಳಕೆಯಲ್ಲಿರುವ ಬೀಗವನ್ನು, ಅದು ತನ್ನದೇ ಆದರೂ, ಮುಟ್ಟಬಾರದು. ಎರಡನೆಯದನ್ನು ಮೀರಿ ಒಮ್ಮೆ ಮನೆಯ ಹೊರಗೆ ಮೂರು ಗಂಟೆ ಕಾದ ಮೇಲೆ ಅದರ ಅರ್ಥ ನನಗೆ ಚೆನ್ನಾಗಿ ತಿಳಿದಿದೆ.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ. ಬೀಗ ಬಿಚ್ಚುವಾಗ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ತುಂಡುಗಳನ್ನು ಬಂದ ಕ್ರಮದಲ್ಲೇ ಜೋಡಿಸುತ್ತ ಹೋಗಬೇಕು. ನಾನು ಪಡ್ಡಿನ ಕಾವಲಿಯನ್ನೇ ಬಳಸುತ್ತೇನೆ. ಮನೆಯವಳು ಹೊಸದನ್ನು ಕೊಂಡ ಮೇಲೆ ಹಳೆಯದು ನನ್ನ ಪಾಲಿಗೆ ಬಂತು. ಆದರೆ ಅಂದು ಕೊಳವೆ ಕವಚದಿಂದ ಬಿಡಿಸಿಕೊಳ್ಳದೆ ಬಿಗಿಯಾಗಿ ಕುಳಿತಿದ್ದರಿಂದ ತಾಳ್ಮೆಗೆಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕೊಳವೆ ಹೊರಬಂತು, ಅದರ ಜೊತೆಗೆ ಹನ್ನೊಂದು ಬಿಲ್ಲೆಗಳೂ ಹತ್ತು ವಾಷರುಗಳೂ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾದವು. ಕ್ರಮ ಹೋಯಿತು.

ಪಿನ್ ಬೀಗದಲ್ಲೂ ಹೀಗಾದರೆ ಕೀಲಿಕೈಯನ್ನು ನೋಡಿ ಪಿನ್ನುಗಳನ್ನು ಮತ್ತೆ ಹೊಂದಿಸಬಹುದು. ಇಲ್ಲಿ ಆ ಕೆಲಸ ಇನ್ನೂ ಅಚ್ಚುಕಟ್ಟಾಗಿ ಆಗುತ್ತದೆಂಬುದು ಬಿಲ್ಲೆಗಳನ್ನು ಅಳೆಯಲು ಕುಳಿತಾಗ ಗೊತ್ತಾಯಿತು. ಕೀಲಿಕೈಯ ಕಡಿತದ ಕೋನವನ್ನೂ ಅದರ ಬಿಲ್ಲೆ ತಿರುಗಬೇಕಾದ ಕೋನವನ್ನೂ ಕೂಡಿದರೆ ಯಾವಾಗಲೂ 90 ಬರಬೇಕು. ಕಡಿತ 18 ಇದ್ದರೆ ಬಿಲ್ಲೆಯ ಕಚ್ಚು ಸರಳಿನಿಂದ 72 ಡಿಗ್ರಿ ದೂರದಲ್ಲಿರಬೇಕು, ಕಡಿತ 90 ಇದ್ದರೆ ಕಚ್ಚು ಮೊದಲಿನಿಂದಲೂ ಸರಳಿನ ಕೆಳಗೇ ಇರಬೇಕು. ಹೀಗಾಗಿ ಕಳೆದುಹೋದ ಕ್ರಮ ಕೀಲಿಕೈಯ ಮೈಮೇಲೆಯೇ ಬರೆದಿತ್ತು. ಒಂದೇ ಕೋನದ ಬಿಲ್ಲೆಗಳು ಎರಡು ಮೂರು ಇದ್ದವು. ಅವುಗಳನ್ನು ಅದಲುಬದಲು ಮಾಡಿದರೂ ಬೀಗಕ್ಕೆ ಗೊತ್ತಾಗುವುದಿಲ್ಲ. ಕೆಲವು ಬಿಲ್ಲೆಗಳ ಅಂಚಿನಲ್ಲಿ ಆಳವಿಲ್ಲದ ಸುಳ್ಳು ಕಚ್ಚುಗಳಿರುತ್ತವೆ, ಕೀಲಿಕೈ ಇಲ್ಲದೆ ತಡವಿ ನೋಡುವವನಿಗೆ ಸಿಕ್ಕಿತೆಂಬ ಭ್ರಮೆ ಹುಟ್ಟಿಸುವುದಕ್ಕೆ. ಅಳೆಯುವಾಗ ಅವುಗಳಲ್ಲೊಂದು ನನ್ನನ್ನೂ ಒಮ್ಮೆ ಏಮಾರಿಸಿತು.

ಒಂದು ಬಿಲ್ಲೆ ಕೀಲಿಕೈಯ ಕಡಿತವಿಲ್ಲದ ಭಾಗದೊಂದಿಗೆ ನಡೆಯಲೇಬೇಕಾದ್ದರಿಂದ, ಬದಲಾಗಬಲ್ಲವು ಹತ್ತು. ಹತ್ತು ಸ್ಥಾನ, ಆರು ಕೋನ ಎಂದರೆ ಕಾಗದದ ಮೇಲೆ 6,04,66,176 ಬಗೆಯ ಕೀಲಿಕೈಗಳು. ತಯಾರಕರು ಎಲ್ಲವನ್ನೂ ಬಳಸುವುದಿಲ್ಲ; ಎಲ್ಲ ಕಡಿತಗಳೂ ಒಂದೇ ಆಗಿರುವಂತಹವನ್ನು ಬಿಡಲೇಬೇಕಾಗುತ್ತದೆ. ಆದರೂ ನನ್ನಂಥ ಅಳತೆಗಾರನಿಗೆ ಈ ಕೋಟಿಗಳ ಲೆಕ್ಕಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಪುಟ್ಟ ವಾಷರುಗಳು.

ಮರುಜೋಡಿಸಿದ ಮೊದಲ ಸಲ ಬೀಗ ತೆರೆಯಲಿಲ್ಲ. ಬಿಲ್ಲೆಗಳ ಕ್ರಮ ಸರಿಯಾಗಿತ್ತು, ಸರಳು ಸರಿಯಾಗಿತ್ತು. ಎಣಿಸಿದಾಗ ವಾಷರುಗಳು ಒಂಬತ್ತೇ ಇದ್ದವು. ಹತ್ತನೆಯದು ಮೇಜಿನ ಕಾಲಿನ ಬಳಿ ಬಿದ್ದಿತ್ತು. ಒಂದು ವಾಷರ್ ಇಲ್ಲದಿದ್ದರೆ ಎರಡು ತೊಂದರೆಗಳು ಒಟ್ಟಿಗೆ ಆಗುತ್ತವೆ. ಅದರಾಚೆಗಿನ ಬಿಲ್ಲೆಗಳೆಲ್ಲ ವಾಷರಿನ ದಪ್ಪದಷ್ಟು ಸರಿದು, ಕೀಲಿಕೈಯ ತಮ್ಮ ಕಡಿತದ ಮೇಲೆ ಕೂರದೆ ಪಕ್ಕದ ಕಡಿತದ ಅಂಚಿಗೆ ತಾಗುತ್ತವೆ. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು: ವಾಷರ್ ಕೊಳವೆಗೆ ಸಿಕ್ಕಿಕೊಂಡು ತಿರುಗದೆ ನಿಲ್ಲುವುದರಿಂದ, ಒಂದು ಬಿಲ್ಲೆ ತಿರುಗುವಾಗ ಪಕ್ಕದ ಬಿಲ್ಲೆಯನ್ನು ಉಜ್ಜಿ ತನ್ನೊಡನೆ ಎಳೆದೊಯ್ಯದಂತೆ ಅದು ತಡೆಯುತ್ತದೆ. ಈ ಬೀಗದ ಇಡೀ ಕಲ್ಪನೆ ನಿಂತಿರುವುದು ಹನ್ನೊಂದು ಬಿಲ್ಲೆಗಳೂ ಒಂದರ ಸುದ್ದಿಗೆ ಇನ್ನೊಂದು ಹೋಗದೆ ತಿರುಗಬೇಕೆಂಬುದರ ಮೇಲೆ. ಗಮನಕ್ಕೇ ಬಾರದ ಆ ತೆಳು ಉಂಗುರ ಇಲ್ಲದೆ ಅದು ಸಾಧ್ಯವಿಲ್ಲ.

ಸ್ಪ್ರಿಂಗ್ ಇಲ್ಲದಿರುವುದರ ಲಾಭ ಮೊದಲು ಅರ್ಥವಾಗುವುದು ಚಳಿಯ ನಾಡಿನಲ್ಲಿ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಬೀಗದೊಳಗಿನ ತೇವ ಹೆಪ್ಪುಗಟ್ಟಿದರೆ, ಸಣ್ಣ ಸ್ಪ್ರಿಂಗಿಗೆ ಪಿನ್ನನ್ನು ತಳ್ಳುವ ಶಕ್ತಿ ಸಾಲದು. ಇಲ್ಲಿ ಬಿಲ್ಲೆಯನ್ನು ತಿರುಗಿಸುವುದು ಮನುಷ್ಯನ ಮಣಿಕಟ್ಟು, ಅದು ತೆಳು ಮಂಜಿನ ಪದರವನ್ನು ಮುರಿದುಕೊಂಡು ಹೋಗುತ್ತದೆ. ಮರಳು, ಧೂಳು, ಉಪ್ಪುಗಾಳಿಗಳ ವಿಷಯದಲ್ಲೂ ಅಷ್ಟೆ. ಎಣ್ಣೆ ಮಾತ್ರ ತೆಳುವಾಗಿರಬೇಕು. ನಮ್ಮ ಮನೆಗಳಲ್ಲಿ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ರೂಢಿಯಿದೆ. 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಬೆಂಗಳೂರಿನ ಡಿಸೆಂಬರಿಗೇ ತಾಳದು. ಅಲ್ಲದೆ ಧೂಳನ್ನು ಹಿಡಿದಿಟ್ಟು ಅಂಟಾಗುತ್ತದೆ. ಯಾವ ಬೀಗಕ್ಕೂ ಅದನ್ನು ಹಾಕಬೇಡಿ.

ಎರಡನೆಯ ಲಾಭ ಭದ್ರತೆಗೆ ಸಂಬಂಧಿಸಿದ್ದು. ವಿಶೇಷವಾಗಿ ಕತ್ತರಿಸಿದ ಕೀಲಿಕೈಯ ಹಿಂಬದಿಗೆ ಪೆಟ್ಟು ಕೊಟ್ಟು ಪಿನ್ನುಗಳನ್ನು ಕ್ಷಣಕಾಲ ಹಾರಿಸಿ ಬೀಗ ತೆರೆಯುವ ಉಪಾಯ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಯುರೋಪು, ಅಮೆರಿಕಗಳಲ್ಲಿ ಎಲ್ಲರ ಬಾಯಿಗೆ ಬಂತು. ಸ್ಪ್ರಿಂಗಿನ ಮೇಲೆ ಕುಳಿತ ಪಿನ್ ಹಾರುತ್ತದೆ. ಸ್ಪ್ರಿಂಗ್ ಇಲ್ಲದೆ ತಿರುಗುವ ಬಿಲ್ಲೆಗೆ ಹಾರುವ ದಿಕ್ಕೇ ಇಲ್ಲ. 2004ರಲ್ಲಿ ಅಮೆರಿಕದಲ್ಲಿ ಕೊಳವೆಯಾಕಾರದ ಕೀಲಿಕೈಯ ಸೈಕಲ್ ಬೀಗಗಳು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಗೆ ತೆರೆದುಕೊಂಡು ನಗೆಪಾಟಲಾದ ಮೇಲೆ, ತಯಾರಕರು ಬಿಲ್ಲೆ ಬೀಗಗಳತ್ತ ಹೊರಳಿದ್ದು ಆಕಸ್ಮಿಕವಲ್ಲ. ಹಾಗೆಂದು ಇದು ಅಭೇದ್ಯವೇನೂ ಅಲ್ಲ. ಬಿಲ್ಲೆಗಳನ್ನು ಒಂದೊಂದಾಗಿ ತಡವಿ ಹಳೆಯ ಮಾದರಿಗಳನ್ನು ತೆರೆದ ಕುಶಲರಿದ್ದಾರೆ. ಅದಕ್ಕೆ ಉತ್ತರವಾಗಿ 2001ರಲ್ಲಿ ಬಂದ ಪ್ರೊಟೆಕ್ ಎಂಬ ಮಾದರಿಯಲ್ಲಿ, ಸರಳಿನ ಮೇಲೆ ಒತ್ತಡ ಬೀಳುವ ಮೊದಲೇ ಬಿಲ್ಲೆಗಳು ಇದ್ದಲ್ಲೇ ಬಂಧಿತವಾಗುವ ವ್ಯವಸ್ಥೆಯಿದೆ. ಒತ್ತಡ ಹಾಕಿ ಯಾವುದು ಬಿಗಿಯಾಯಿತೆಂದು ತಡವುವ ದಾರಿಯನ್ನೇ ಅದು ಮುಚ್ಚಿತು.

ಹಾಗಾದರೆ ಅಳಿಯನ ಬೀಗಕ್ಕೆ ಆಗಿದ್ದೇನು? ಹತ್ತನೆಯ ವಾಷರನ್ನೂ ಸೇರಿಸಿ ಜೋಡಿಸಿದ ಮೇಲೆ ಅದು ಎಸ್ಪೂವಿನಲ್ಲಿ ಹೇಗೆ ಸತಾಯಿಸುತ್ತಿತ್ತೋ ಇಲ್ಲಿಯೂ ಹಾಗೆಯೇ ಸತಾಯಿಸಿತು. ಬಿಲ್ಲೆಗಳ ಕಚ್ಚುಗಳು ಚೂಪಾಗಿಯೇ ಇದ್ದವು, ಸರಳಿನಲ್ಲಿ ಸವೆತ ಕಾಣಲಿಲ್ಲ. ಆಗ ಕೀಲಿಕೈಯನ್ನು ಮೈಕ್ರೋಮೀಟರಿಗೆ ಕೊಟ್ಟೆ. ಕಡಿತವಿಲ್ಲದ ಭಾಗದ, ಅಂದರೆ ಮೊದಲು ತಾಗಿ ಕೊನೆಯವರೆಗೂ ಭಾರ ಹೊರುವ ಆ ಒಂದೇ ಜಾಗದ ಅಂಚು, ಇನ್ನೊಂದು ಬದಿಯ ಅಂಚಿಗೆ ಹೋಲಿಸಿದರೆ 0.05 ಮಿಲಿಮೀಟರಿನಷ್ಟು ಸವೆದಿತ್ತು. ಕೇಳಲು ಅತ್ಯಲ್ಪ. ಆದರೆ ಕೀಲಿಕೈ ಬಿಲ್ಲೆಗೆ ತಾಗುವುದು ನಡುವಿನಿಂದ ಸುಮಾರು 2.5 ಮಿಲಿಮೀಟರ್ ದೂರದಲ್ಲಿ, ಅಲ್ಲಿನ 0.05 ಎಂದರೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅದೇ ಕೋನ 5 ಮಿಲಿಮೀಟರ್ ದೂರದ ಅಂಚಿನಲ್ಲಿ 0.1 ಆಗುತ್ತದೆ, ಅಂದರೆ ಇಮ್ಮಡಿ. ಕಚ್ಚಿಗೂ ಸರಳಿಗೂ ನಡುವೆ ನಾನು ಅಳೆದ ಸಡಿಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಸವೆದ ಭಾಗ ತನ್ನ ಬಿಲ್ಲೆಯನ್ನು ಸರಳಿನ ಕೆಳಗೆ ತರಬೇಕಾದರೆ ಕೀಲಿಕೈ 90 ಡಿಗ್ರಿಯನ್ನು ಮೀರಿ ತಿರುಗಬೇಕು, ಆಗ ಸವೆಯದ ಕಡಿತಗಳು ತಮ್ಮ ಬಿಲ್ಲೆಗಳನ್ನು ಅಷ್ಟೇ ಮುಂದಕ್ಕೆ ದಾಟಿಸಿಬಿಡುತ್ತವೆ. ಒಂದೆಡೆಯ ಸವೆತ ಹತ್ತು ಕಡೆ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಕೀಲಿಕೈಯನ್ನು ಆಡಿಸಿದಾಗ ಬಿಲ್ಲೆಗಳು ಕೂದಲೆಳೆಯಷ್ಟು ಅದುರಿ ಅದೃಷ್ಟವಶಾತ್ ಸಾಲಿಗೆ ಬರುತ್ತಿದ್ದವು, ಬೀಗ ತೆರೆಯುತ್ತಿತ್ತು.

ಬಳಸದೆ ಡ್ರಾಯರಿನಲ್ಲಿ ಬಿದ್ದಿದ್ದ ಎರಡನೆಯ ಕೀಲಿಕೈಯನ್ನು ದೀಪಾವಳಿಗೆ ಬಂದ ಅವನ ಸ್ನೇಹಿತನ ಕೈಯಲ್ಲಿ ತರಿಸಿಕೊಂಡೆ. ಅದನ್ನು ಹಾಕಿ ತಿರುಗಿಸಿದೆ. ಬೀಗ ಒಂದೇ ಸಲಕ್ಕೆ, ಬೆಣ್ಣೆಯಲ್ಲಿ ಕೂದಲು ಎಳೆದಂತೆ ತೆರೆಯಿತು. ಮತ್ತೆ ಇಪ್ಪತ್ತು ಸಲ ತಿರುಗಿಸಿದೆ, ಇಪ್ಪತ್ತೂ ಸಲ ತೆರೆಯಿತು. ಹಾಳಾಗಿದ್ದು ಬೀಗವಲ್ಲ ಎಂದು ಅಳಿಯನಿಗೆ ಫೋನಿನಲ್ಲಿ ಹೇಳಿದಾಗ, ಹೊಸ ಬೀಗದ ಜೊತೆಗೆ ಬಂದ ಮೂರು ಕೀಲಿಕೈಗಳನ್ನೂ ಇನ್ನುಮುಂದೆ ಸರದಿಯಂತೆ ಬಳಸಲೇ ಎಂದು ಕೇಳಿದ. ಎರಡನ್ನು ಬಳಸು, ಮೂರನೆಯದನ್ನು ಮುಟ್ಟದೆ ಇಡು, ಮುಂದೆ ನಕಲು ಬೇಕಾದಾಗ ಸವೆದದ್ದನ್ನು ಕೊಡದೆ ಅದರಿಂದಲೇ ಅಳತೆ ತೆಗೆಸು ಎಂದೆ.