ರಕ್ತನಾಳಕ್ಕೆ ಎಷ್ಟು ವಯಸ್ಸು?

ಈಚೆಗೆ ಕೆಲವು ಲ್ಯಾಬ್ ರಿಪೋರ್ಟುಗಳ ಕೊನೆಯ ಪುಟದಲ್ಲಿ ‘ಜೈವಿಕ ವಯಸ್ಸು’, ಅಂದರೆ ದೇಹ ಎಷ್ಟು ಸವೆದಿದೆ ಎಂಬ ಅಂದಾಜಿನ ಹೊಸ ಸಾಲು ಕಾಣಿಸಿಕೊಳ್ಳುತ್ತಿದೆ. ನಲವತ್ತಾರರ ವ್ಯಕ್ತಿಗೆ ಐವತ್ತೆರಡು ಎಂದು ಅಚ್ಚಾಗಿದ್ದರೆ ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಪ್ರಶ್ನೆ ಬರುತ್ತದೆ: ‘ಸಾರ್, ಇದು ಕೊಲೆಸ್ಟ್ರಾಲಿನಿಂದಲೇ ಅಲ್ಲವೇ? ಮೊಟ್ಟೆ, ತುಪ್ಪ ಎರಡನ್ನೂ ಬಿಟ್ಟುಬಿಡಲೇ?’

ಮೊದಲು ಆ ಸಂಖ್ಯೆ ಹುಟ್ಟುವ ಬಗೆಯನ್ನು ನೋಡೋಣ. 2013ರಲ್ಲಿ ಸ್ಟೀವ್ ಹೋರ್ವತ್ ಎಂಬ ವಿಜ್ಞಾನಿ, ಡಿಎನ್‌ಎಯ 353 ತಾಣಗಳಲ್ಲಿರುವ, ವಯಸ್ಸಿನೊಂದಿಗೆ ಬದಲಾಗುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಅಳೆದು ವಯಸ್ಸನ್ನು ಅಂದಾಜು ಮಾಡುವ ವಿಧಾನವನ್ನು ಪ್ರಕಟಿಸಿದರು. 2018ರಲ್ಲಿ ಮಾರ್ಗನ್ ಲೆವೀನ್ ಮತ್ತು ಸಂಗಡಿಗರು ಸಾಮಾನ್ಯ ರಕ್ತಪರೀಕ್ಷೆಯ 9 ಅಂಶಗಳನ್ನು ಇಟ್ಟುಕೊಂಡು ಇನ್ನೊಂದು ಲೆಕ್ಕ ಕಟ್ಟಿದರು. ಅಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಉರಿಯೂತವನ್ನು ತೋರಿಸುವ ಸಿಆರ್‌ಪಿ, ಬಿಳಿ ರಕ್ತಕಣಗಳು ಎಲ್ಲವೂ ಅದರಲ್ಲಿವೆ. ಕೊಲೆಸ್ಟ್ರಾಲ್ ಮಾತ್ರ ಆ ಒಂಬತ್ತರಲ್ಲಿ ಇಲ್ಲ.

ನನಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಇಳಿವಯಸ್ಸಿನಲ್ಲಿ ಕೊಲೆಸ್ಟ್ರಾಲ್ ದಾರಿ ತಪ್ಪಿಸುವ ಅಳತೆ. ಊಟ ಸೇರದೆ ಸೊರಗಿದವರಲ್ಲಿ, ಯಕೃತ್ತು ಸೋತವರಲ್ಲಿ, ಕ್ಯಾನ್ಸರ್ ಇರುವವರಲ್ಲಿ ಅದು ತಾನಾಗಿಯೇ ಕುಸಿಯುತ್ತದೆ. ಎಂಬತ್ತರ ಅಜ್ಜನ ಕೊಲೆಸ್ಟ್ರಾಲ್ ಒಮ್ಮೆಲೇ ಇಳಿದಿದೆ ಎಂದರೆ ನಾನು ಸಂತೋಷಪಡುವುದಿಲ್ಲ, ತೂಕ ಎಷ್ಟು ಇಳಿದಿದೆ ಎಂದು ಕೇಳುತ್ತೇನೆ.

ಹಾಗಾದರೆ ಕೊಲೆಸ್ಟ್ರಾಲಿಗೂ ಮುಪ್ಪಿಗೂ ನಂಟಿಲ್ಲವೇ? ಇದೆ, ಆದರೆ ಅದು ರಕ್ತನಾಳದ ಗೋಡೆಯಲ್ಲಿದೆ. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಗೋಡೆಯ ಒಳಪದರಕ್ಕೆ ನುಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಅವನ್ನು ನುಂಗಿದ ರಕ್ಷಣಾ ಕೋಶಗಳು ಕೊಬ್ಬು ತುಂಬಿ ಉಬ್ಬುತ್ತವೆ, ಗಂಟು ಬೆಳೆಯುತ್ತದೆ. ಇಲ್ಲಿ ಮುಖ್ಯವಾಗುವುದು ಇಂದಿನ ಎಲ್‌ಡಿಎಲ್ ಒಂದೇ ಅಲ್ಲ, ಅದು ಎಷ್ಟು ವರ್ಷ ಹರಿದಿದೆ ಎಂಬುದು. ತಂದೆ ತಾಯಿ ಇಬ್ಬರಿಂದಲೂ ಎಲ್‌ಡಿಎಲ್ ಏರಿಸುವ ದೋಷಯುಕ್ತ ಜೀನ್ ಪಡೆದ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಇಪ್ಪತ್ತರೊಳಗೇ ಹೃದಯಾಘಾತವಾಗಬಹುದು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಪಿಸಿಎಸ್‌ಕೆ9 ಎಂಬ ಜೀನಿನ ಒಂದು ಪ್ರತಿ ಕೆಲಸ ಮಾಡದ ಆಫ್ರಿಕನ್ ಅಮೆರಿಕನ್ನರನ್ನು ಅಮೆರಿಕದಲ್ಲಿ ಅಧ್ಯಯನ ಮಾಡಿದ ವರದಿ 2006ರಲ್ಲಿ ಬಂತು. ಅವರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಹೃದಯದ ರಕ್ತನಾಳದ ಕಾಯಿಲೆ ಶೇ 88ರಷ್ಟು ಕಡಿಮೆಯಿತ್ತು. ಹುಟ್ಟಿನಿಂದಲೇ ಕಡಿಮೆಯಿದ್ದುದರ ಫಲ ಅದು.

ಇನ್ನು ನಮ್ಮವರ ರಿಪೋರ್ಟು. ನಾನು ಪದೇಪದೇ ನೋಡುವ ಮಾದರಿ ಹೀಗಿರುತ್ತದೆ: ಒಟ್ಟು ಕೊಲೆಸ್ಟ್ರಾಲ್ 182, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 260, ಎಲ್‌ಡಿಎಲ್ 96. ‘ಟೋಟಲ್ ಇನ್ನೂರರ ಒಳಗಿದೆ, ಎಲ್‌ಡಿಎಲ್ ನೂರರ ಒಳಗಿದೆ, ಎಲ್ಲ ನಾರ್ಮಲ್’ ಎಂದು ಮನೆಯವರು ನಿರಾಳ. ಈ 96 ಹೆಚ್ಚಿನ ಲ್ಯಾಬುಗಳಲ್ಲಿ ನೇರವಾಗಿ ಅಳೆದದ್ದಲ್ಲ. ಒಟ್ಟರಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬಂದ ಉತ್ತರ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುತ್ತದೆ. ಒಟ್ಟರಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ, 148 ಬರುತ್ತದೆ; ರಕ್ತನಾಳಕ್ಕೆ ಹಾನಿ ಮಾಡಬಲ್ಲ ಕೊಲೆಸ್ಟ್ರಾಲಿನ ಪೂರ್ತಿ ಮೊತ್ತ ಅದು. ಅಪಾಯ ಕಡಿಮೆ ಇರುವವರಲ್ಲೂ ಅದು 130ರ ಒಳಗಿರಬೇಕು. ಆ ಒಂದು ಕಳೆಯುವ ಲೆಕ್ಕವನ್ನು ನೀವೇ ಪೆನ್ನಿನಲ್ಲಿ ಮಾಡಿಕೊಳ್ಳಬಹುದು.

ಇಂಥವರಿಗೆ ‘ಎಣ್ಣೆ ಬಿಡಿ’ ಎಂದರೆ ಅರ್ಧ ಮಾತು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ರಾತ್ರಿ ಅನ್ನ, ನಡುವೆ ಸಕ್ಕರೆ ಹಾಕಿದ ನಾಲ್ಕು ಕಾಫಿ, ಜೊತೆಗೆ ಬಿಸ್ಕತ್ತು. ಟ್ರೈಗ್ಲಿಸರೈಡ್ ಏರುವುದು ಹೆಚ್ಚಾಗಿ ಈ ದಾರಿಯಲ್ಲಿ, ಕೆಲವರಲ್ಲಿ ಮದ್ಯದ ದಾರಿಯಲ್ಲಿ. ಅನ್ನದ ಬದಲು ಎರಡು ದೊಡ್ಡ ಮುದ್ದೆ ಉಂಡು ಸಮಾಧಾನಪಡುವವರೂ ಇದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ನಿಜ, ಆದರೆ ಪಿಷ್ಟ ಪಿಷ್ಟವೇ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಕಾಳು ಸೊಪ್ಪು ಹೆಚ್ಚಾಗಲಿ.

ಎಲ್‌ಡಿಎಲ್ ಇಳಿಸಬೇಕಾದವರ ಕಥೆ ಬೇರೆ. ರಕ್ತದ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹವೇ ತಯಾರಿಸುತ್ತದೆ. ಅದನ್ನು ಏರಿಸುವುದರಲ್ಲಿ ಮೊಟ್ಟೆಗಿಂತ, ತುಪ್ಪ ಬೆಣ್ಣೆಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬಿನ ಕೈ ದೊಡ್ಡದು. ಕರಾವಳಿಯ ಓದುಗರು ಮುನಿಸಿಕೊಳ್ಳಬಾರದು, ತೆಂಗಿನೆಣ್ಣೆಯಲ್ಲಿ ಅದು ಸುಮಾರು ಶೇ 90 ಇದೆ. ಒಗ್ಗರಣೆಗೆ ಒಂದು ಚಮಚ ಹಾಕಿದರೆ ನನ್ನ ತಕರಾರಿಲ್ಲ, ಬೆಳಿಗ್ಗೆ ಔಷಧಿಯಂತೆ ಕುಡಿಯುವವರ ಬಗ್ಗೆ ಇದೆ. ಬೇಕರಿಯ ಪಫ್ಸ್, ರಸ್ಕುಗಳಲ್ಲಿ ತಾಳೆಎಣ್ಣೆಯೋ ವನಸ್ಪತಿಯೋ ಅಡಗಿರುತ್ತದೆ. ಇವುಗಳ ಜಾಗಕ್ಕೆ ಶೇಂಗಾ, ಎಳ್ಳು, ಸೂರ್ಯಕಾಂತಿ ಎಣ್ಣೆ ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಆದರೆ ಔಷಧಿಯೇ ಬೇಕಾಗುವಷ್ಟು ಎಲ್‌ಡಿಎಲ್ ಏರಿದ್ದರೆ, ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಗೆ ಊಟ ಬದಲಿಯಾಗದು.

ಇಷ್ಟೆಲ್ಲ ಮಾಡಿದರೆ ಜೈವಿಕ ವಯಸ್ಸು ಇಳಿಯುತ್ತದೆಯೇ? ಅಮೆರಿಕದಲ್ಲಿ ‘ಕ್ಯಾಲರಿ’ (CALERIE) ಎಂಬ ಹೆಸರಿನ ಪ್ರಯೋಗ ನಡೆದಿತ್ತು. ಬೊಜ್ಜಿಲ್ಲದ 220 ಜನರ ಪೈಕಿ ಒಂದು ಗುಂಪು ಎರಡು ವರ್ಷ ಊಟ ತಗ್ಗಿಸಿತು. ಗುರಿ ಶೇ 25, ಸಾಧ್ಯವಾದದ್ದು ಸುಮಾರು ಶೇ 12. ಎಲ್‌ಡಿಎಲ್ ಮತ್ತು ರಕ್ತದೊತ್ತಡ ಸ್ಪಷ್ಟವಾಗಿ ಇಳಿದವು. ಆದರೆ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮುಪ್ಪಿನ ವೇಗವನ್ನು ಅಳೆಯುವ ಒಂದು ಮಾಪಕ ಶೇ 2ರಿಂದ 3ರಷ್ಟು ನಿಧಾನವಾಗಿತ್ತು, ಉಳಿದ ಪ್ರಮುಖ ಮಾಪಕಗಳು ಕದಲಲಿಲ್ಲ. ಆದ್ದರಿಂದ ಮೂರು ತಿಂಗಳು ಪಥ್ಯ ಮಾಡಿ ಆ ದುಬಾರಿ ಪರೀಕ್ಷೆಯನ್ನು ಮತ್ತೆ ಮಾಡಿಸುತ್ತೇನೆ ಎನ್ನುವವರನ್ನು ನಾನು ತಡೆಯುತ್ತೇನೆ.

ಅದೇ ಹಣದಲ್ಲಿ, ಎಲ್‌ಡಿಎಲ್ ಅನ್ನು ಹೋಲುವ ಇನ್ನೊಂದು ಕಣವಾದ ಲಿಪೊಪ್ರೋಟೀನ್ (ಎ) ನೋಡಿಸಿ. ಅದು ಬಹುತೇಕ ವಂಶವಾಹಿಯಾಗಿ ಬರುವಂಥದ್ದು, ಊಟದಿಂದ ಹೆಚ್ಚೇನೂ ಬದಲಾಗದು, ಆದ್ದರಿಂದ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. ಅಪ್ಪನಿಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾಗಿದ್ದರೆ ಮುಂದಿನ ಭೇಟಿಗೆ ಈ ಪರೀಕ್ಷೆಯ ರಿಪೋರ್ಟನ್ನೂ ಜೊತೆಗೆ ತನ್ನಿ.