ಗಾಳಕ್ಕೆ ಚುಚ್ಚಿದ ಮೀನುಮರಿ ಬೇಗ ಸಾಯುವುದು ಯಾಕೆ?

"ಕೊರಮೀನು ಹಿಡಿಯೋಕೆ ಅಂತ ಜೀವಂತ ಮೀನುಮರಿ ಚುಚ್ಚಿ ಗಾಳ ಬಿಡ್ತೀನಿ, ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತೆ. ಎಲ್ಲಿ ಚುಚ್ಚಬೇಕು ಸಾರ್?"

ಮಾರ್ಚ್ ಬಂದರೆ ಸಾಕು, ಕೋಲಾರ, ಮುಳಬಾಗಿಲು, ಬೇತಮಂಗಲದ ಕಡೆಯಿಂದ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿ.

ಚುಚ್ಚುವ ಜಾಗ ಎರಡೇ. ತೆಪ್ಪದಲ್ಲಿ ಮೆಲ್ಲಗೆ ಸಾಗುತ್ತ ಗಾಳ ಎಳೆಯುವವರು ಮೂಗಿನ ಹೊಳ್ಳೆಯಲ್ಲಿ ಅಡ್ಡಲಾಗಿ ಚುಚ್ಚಿ. ಮರಿ ಮುಂದಕ್ಕೆ ಮುಖ ಮಾಡಿ ಈಜುತ್ತ ಬರುತ್ತದೆ. ನಿಂತಲ್ಲೇ ನಿಂತು ಹಿಡಿಯುವವರು ಬೆನ್ನಿನ ರೆಕ್ಕೆಯ ಬುಡದಲ್ಲಿ, ಚರ್ಮದಡಿಯಲ್ಲಷ್ಟೇ ಹಾಯಿಸಿ. ಬೆನ್ನುಮೂಳೆಗೆ ತಾಗಿತೋ, ಮುಗಿಯಿತು. ಎರಡೂ ತುಟಿ ಸೇರಿಸಿ ಚುಚ್ಚಲೇಬೇಡಿ: ಬಾಯಿಂದ ನೀರು ಎಳೆದು ಕಿವಿರಿಗೆ ಹಾಯಿಸಿಯೇ ಅದು ಉಸಿರಾಡುವುದು, ಅದನ್ನೇ ಹೊಲಿದುಬಿಟ್ಟರೆ ಹೇಗೆ ಬದುಕಬೇಕು? ಕೊಕ್ಕೆಯನ್ನು ಕೊರಮೀನಿನ ಬಾಯಿ ನೋಡಿ ತರುತ್ತೀರಿ. ಮರಿಯ ಮೈ ನೋಡಿ ತೆಳು ಕಂಬಿಯದು ತನ್ನಿ. ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಮೈಯ ಲೋಳೆ ಕಿತ್ತುಬರುತ್ತದೆ. ಬಕೆಟ್ಟಿಗೆ ಆಗ ತಾನೇ ಎತ್ತಿದ ಬೋರ್‌ವೆಲ್ ನೀರು ಬೇಡ, ಅದರಲ್ಲಿ ಆಮ್ಲಜನಕ ಕಡಿಮೆ. ಕೆರೆ ನೀರನ್ನೇ ತುಂಬಿ ನೆರಳಲ್ಲಿಡಿ.

ಇಷ್ಟೆಲ್ಲ ಮಾಡಿಯೂ ಮರಿ ಸಾಯುತ್ತಿದ್ದರೆ ಗಾಳ ಮುಳುಗಲೆಂದು ನೀವು ಕಟ್ಟಿದ ಸೀಸದ ಗುಂಡು ನೋಡಿಕೊಳ್ಳಿ. "ಬೇಸಿಗೆಯಲ್ಲಿ ಕೊರಮೀನು ತಳದ ಕೆಸರಲ್ಲಿ ಹೂತಿರುತ್ತೆ, ಭಾರ ಕಟ್ಟಿ ತಳಕ್ಕೇ ಬಿಡಬೇಕು" ಅನ್ನುವ ಮಾತು ಈ ಸೀಮೆಯಲ್ಲಿ ಎಷ್ಟು ಬೇರೂರಿದೆಯೆಂದರೆ, ಹದಿನಾರರ ಹುಡುಗನೂ ಅದನ್ನೇ ಹೇಳುತ್ತಾನೆ. ಹಿರಿಯರು ಸುಳ್ಳು ಹೇಳಿದ್ದಲ್ಲ. ಅವರ ಕಾಲಕ್ಕೆ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ನೀರು ಹೋದಾಗ ಕೊರಮೀನು ಹಸಿ ಕೆಸರಿಗಿಳಿದು ಬದುಕುತ್ತದೆ, ಅವರು ಅದನ್ನು ಅಗೆದೇ ತೆಗೆಯುತ್ತಿದ್ದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು, ಕೋಲಾರದ ಎಷ್ಟೋ ಕೆರೆಗಳು ಈಗ ಮೇ ತಿಂಗಳಲ್ಲೂ ತುಂಬಿರುತ್ತವೆ. ನೀರಿರುವಾಗ ಅದು ಕೆಸರಲ್ಲಿ ಯಾಕೆ ಹೂತಿರಬೇಕು?

ನೀರಡಿಯ ಕೆಸರಲ್ಲಿ ಹೂತಿರಲು ಸಾಧ್ಯವೂ ಇಲ್ಲ. ಬೆಳೆದ ಕೊರಮೀನಿಗೆ ಕಿವಿರು ಮಾತ್ರ ಸಾಲದು. ಕಿವಿರಿನ ಮೇಲೆ ಗಾಳಿ ಹಿಡಿಯುವ ಗೂಡಿದೆ, ಅದನ್ನು ತುಂಬಿಕೊಳ್ಳಲು ಆಗಾಗ ಮೇಲೆ ಬರಲೇಬೇಕು. ಬರದಂತೆ ತಡೆದರೆ ನೀರಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಹಾಗಾಗಿ ಬೇಸಿಗೆಯಲ್ಲೇ ಅದು ಹೆಚ್ಚು ಸಲ ಮೇಲೇಳುವುದು. ಸಂಜೆ ಜೊಂಡಿನ ಅಂಚಲ್ಲಿ ಕೂತು ನೋಡಿ, "ಗುಳುಕ್" ಅನ್ನುವ ಸದ್ದು ಕೇಳುತ್ತದೆ. ನಿಮ್ಮ ಮರಿಗೋ ಆ ಗಾಳಿಗೂಡಿಲ್ಲ. ಆಮ್ಲಜನಕವೇ ಇಲ್ಲದ ತಳದ ಬಗ್ಗಡಕ್ಕೆ ಅದನ್ನು ಸೀಸ ಕಟ್ಟಿ ಇಳಿಸಿದರೆ ಸಾಯದೆ ಏನು ಮಾಡೀತು?

ಸೀಸ ಬಿಚ್ಚಿ. ಬೆಂಡು ಕಟ್ಟಿ, ಒಂದೆರಡು ಅಡಿ ಆಳದಲ್ಲಿ ಜೊಂಡಿನ ಪಕ್ಕ ಮರಿಯನ್ನು ಆಡಲು ಬಿಡಿ. ಬೆಂಡು ಮುಳುಗಿದ ತಕ್ಷಣ ಜಗ್ಗಬೇಡಿ, ಮರಿಯನ್ನು ತಿರುಗಿಸಿ ನುಂಗಲು ಕೊರಮೀನಿಗೆ ಸ್ವಲ್ಪ ಹೊತ್ತು ಬೇಕು. ಲಾರಿ ಟ್ಯೂಬಿನ ಮೇಲೆ ಕೂತು ಹೋಗುವವರೇ, ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಮಿಕ್ಕ ಮರಿಗಳನ್ನು ಏನು ಮಾಡುತ್ತೀರಿ? ಸಾಮಾನ್ಯವಾಗಿ ಅವು ಜಿಲೇಬಿ (ತಿಲಾಪಿಯಾ) ಮೀನಿನ ಮರಿಗಳು. ಪುಣ್ಯ ಬರುತ್ತದೆಂದು ದಾರಿಯಲ್ಲಿ ಸಿಕ್ಕ ಕೆರೆಗೆ ಸುರಿಯುತ್ತೀರಿ. ಜಿಲೇಬಿ ನಮ್ಮ ನೀರಿನದಲ್ಲ, 1952ರಲ್ಲಿ ಭಾರತಕ್ಕೆ ತಂದದ್ದು. ಎರಡು ಮೂರು ತಿಂಗಳಿಗೇ ಬಲಿಯುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ, ಹಾಗಾಗಿ ಅದರ ಮರಿ ಬಹುಪಾಲು ಉಳಿಯುತ್ತವೆ. ನಾಲ್ಕೇ ನಾಲ್ಕು ಬಿದ್ದರೂ ಆ ಕೆರೆಯ ದೇಸಿ ಮೀನಿಗೆ ಮೇವು, ಜಾಗ ಎರಡೂ ಕಡಿಮೆಯಾಗುತ್ತವೆ. ಹಿಡಿದ ಕೆರೆಗೇ ವಾಪಸ್ ಬಿಡಿ. ಆಗದಿದ್ದರೆ ಮನೆಗೆ ಒಯ್ದು ಹುರಿದುಕೊಳ್ಳಿ.